ಅಪ್ಪನ ಹಲ್ಲು, ಸರಕಾರದ ಕುರ್ಚಿ

ನಮ್ಮ ಅಪ್ಪ ಖಾನಾಪುರದ ತಾಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಸರಕಾರವನ್ನು ಅವರು ನಂಬಿದಷ್ಟು ಸರಕಾರವೇ ತನ್ನನ್ನು ನಂಬಿರಲಿಕ್ಕಿಲ್ಲ. ಬಸ್ಸು ತಡವಾಗಿ ಬಂತೆಂದು ಉಳಿದವರೆಲ್ಲ ಡ್ರೈವರನ ಮೇಲೆ ಹರಿಹಾಯ್ದರೆ ಅಪ್ಪ ಮಾತ್ರ, "ಪಾಪ, ಅವಂಗೂ ಮ್ಯಾಲಿನವರು ಇರ್ತಾರ" ಎನ್ನುತ್ತಿದ್ದರು. ಇಂಥ ಮನುಷ್ಯನ ಬಾಯಲ್ಲಿ ಹಲ್ಲು ಕೆಟ್ಟರೆ ಏನಾಗುತ್ತದೆ ಎಂಬುದನ್ನು ಎಂಬತ್ತರ ದಶಕದ ಮೊದಮೊದಲಿನ ಒಂದು ಚಳಿಗಾಲದಲ್ಲಿ ನಾನು ಕಣ್ಣಾರೆ ಕಂಡೆ.

ಆಗ ನಾನು ಬೆಳಗಾವಿಯ ಉದ್ಯಮಬಾಗದಲ್ಲಿ, ಲಾರಿ ಎತ್ತುವ ಜ್ಯಾಕ್ ತಯಾರಿಸುವ ಸಣ್ಣದೊಂದು ಕಾರಖಾನೆಯಲ್ಲಿ ಟೈಪಿಸ್ಟ್ ಆಗಿದ್ದೆ. ಅನಗೋಳದಲ್ಲಿ ಒಂದು ಖೋಲಿ ಬಾಡಿಗೆ ಹಿಡಿದಿದ್ದೆ. ಒಂದು ಮುಂಜಾನೆ ಗೇಟಿನ ವಾಚ್‌ಮನ್ ಬಂದು, ಯಾರೋ ಮುಖ ಕಟ್ಟಿಕೊಂಡವರು ನಿಮ್ಮನ್ನು ಕೇಳುತ್ತಿದ್ದಾರೆ ಎಂದ. ಹೋಗಿ ನೋಡಿದರೆ ಅಪ್ಪ. ಟಾವೆಲ್ಲನ್ನು ಗದ್ದದ ಕೆಳಗಿನಿಂದ ಎಳೆದು ನೆತ್ತಿಯ ಮೇಲೆ ಗಂಟು ಹಾಕಿದ್ದರು. ಎಡಗಲ್ಲ ಊದಿ ಕಣ್ಣು ಅರ್ಧ ಮುಚ್ಚಿತ್ತು. ಹಣೆಯ ಮೇಲಿನ ವಿಭೂತಿ ಮಾತ್ರ ಎಂದಿನಂತೆ ಅಚ್ಚುಕಟ್ಟಾಗಿತ್ತು. ಖಾನಾಪುರದಲ್ಲಿ ಹಲ್ಲಿನ ಡಾಕ್ಟರ್ ಇಲ್ಲವೆಂದು ಅಲ್ಲಿಯ ಸರಕಾರಿ ದವಾಖಾನೆಯವರು ಬೆಳಗಾವಿಯ ದವಾಖಾನೆಗೆ ಚೀಟಿ ಬರೆದುಕೊಟ್ಟಿದ್ದರು.

"ಇಲ್ಲೇ ಒಬ್ರು ಖಾಸಗಿ ಡಾಕ್ಟರ್ ಅದಾರ. ಹೋಗೂಣು ಬರ್ರಿ. ಅರ್ಧ ತಾಸಿನ ಕೆಲಸ" ಎಂದೆ.

"ಚೀಟಿ ಸರಕಾರಿ ದವಾಖಾನಿಗೆ ಐತಿ" ಎಂದರು ಅಪ್ಪ, ಹಲ್ಲು ಕಚ್ಚದೆ, ತುಟಿಯ ಒಂದು ಮೂಲೆಯಿಂದ.

ಚೀಟಿಯ ಮಾತು ಬರೀ ನೆಪ ಎಂದು ನನಗೆ ಗೊತ್ತಿತ್ತು. ಖಾಸಗಿ ಡಾಕ್ಟರಿಗೆ ಕೊಡುವಷ್ಟು ದುಡ್ಡು ಅಪ್ಪನ ಕಿಸೆಯಲ್ಲಿ ಇರಲಿಲ್ಲ, ನನ್ನ ಪರ್ಸಿನಲ್ಲಿ ಇತ್ತು. ಮಗಳ ಪಗಾರ ಮುಟ್ಟುವುದೆಂದರೆ ಅವರಿಗೆ ಕೆಂಡ ಮುಟ್ಟಿದ ಹಾಗೆ. ಹಿಂದಿನ ಹಬ್ಬಕ್ಕೆ ನಾನೊಂದು ಧೋತರ ಒಯ್ದರೆ ಉಟ್ಟುಕೊಂಡರು, ಚಂದ ಐತಿ ಎಂದರು, ಆಮೇಲೆ ಅದರ ದುಡ್ಡನ್ನು ನನ್ನ ಚೀಲದಲ್ಲಿ ಇಟ್ಟು ಕಳಿಸಿದರು. ಬೆಳಗಾವಿಗೆ ವಾಪಸು ಬಂದು ಚೀಲ ಬಿಚ್ಚಿದಾಗ ಅದು ಸಿಕ್ಕಿತು, ನಾನು ಅವತ್ತು ಊಟ ಮಾಡಲಿಲ್ಲ.

ಸರಕಾರಿ ದವಾಖಾನೆಯಲ್ಲಿ ಹಲ್ಲಿನ ಕೋಣೆ ಇದ್ದದ್ದು ಹಿಂದುಗಡೆ, ಬಿಸಿಲು ಬೀಳದ ಮೂಲೆಯಲ್ಲಿ. ನಮ್ಮ ಪಾಳಿ ಬಂದಾಗ ಒಳಗೆ ನೋಡಿದರೆ ಎಲ್ಲವೂ ಇತ್ತು. ಡಾಕ್ಟರ್ ಇದ್ದರು, ಇಕ್ಕಳ ಇತ್ತು, ಸೂಜಿ ಇತ್ತು, ಔಷಧಿಯೂ ಇತ್ತು. ಕುರ್ಚಿ ಕೂಡ ಇತ್ತು, ಆದರೆ ಅದು ಮೇಲಿತ್ತು. ಕಾಲಿನಿಂದ ಒತ್ತಿದರೆ ಏರುವ, ಇಳಿಯುವ ದೊಡ್ಡ ಕುರ್ಚಿ ಅದು. ದೀಪಾವಳಿ ಮುಗಿದು ಥಂಡಿ ಸುರುವಾದ ಮೇಲೆ ಒಮ್ಮೆ ಏರಿದ್ದು ಮತ್ತೆ ಇಳಿದಿರಲಿಲ್ಲ. ಡಾಕ್ಟರ್ ಮೈಸೂರು ಕಡೆಯ ಎಳೆ ಹುಡುಗ, ಮೇಲಾಗಿ ಗಿಡ್ಡ.

"ನೀವು ಏರಿ ಕೂತರೆ ನಿಮ್ಮ ಬಾಯಿ ನನ್ನ ತಲೆ ಮೇಲಿರುತ್ತೆ. ನನಗೆ ಗದ್ದ ಬಿಟ್ಟು ಬೇರೇನೂ ಕಾಣಲ್ಲ" ಎಂದರು.

"ಅವರನ್ನ ಸಾದಾ ಸ್ಟೂಲಿನ ಮ್ಯಾಲ ಕುಂದರಸ್ರಿ" ಎಂದೆ ನಾನು.

ಹಿಂದೊಮ್ಮೆ ಯಾರನ್ನೋ ಹಾಗೆ ಕೂಡಿಸಿ, ಆತ ಕೆಳಗೆ ಬಿದ್ದು, ವಿಚಾರಣೆಯಾಗಿ, ಇನ್ನು ಮುಂದೆ ಕುರ್ಚಿಯ ಹೊರತು ಬೇರೆಲ್ಲೂ ಹಲ್ಲು ಕೀಳಕೂಡದೆಂದು ಹುಕುಂ ಬಂದಿತ್ತಂತೆ. ಹಾಗಾದರೆ ನೀವೇ ಸ್ಟೂಲಿನ ಮೇಲೆ ನಿಂತು ಕೀಳಿರಿ ಎಂದೆ. ಡಾಕ್ಟರ್ ಮುಖ ಸಣ್ಣದು ಮಾಡಿಕೊಂಡರು. "ನಿಂತು ಕಿತ್ತಿದ್ದೀನಿ. ಆ ಸ್ಟೂಲು ಕಣ್ಣಿನ ವಿಭಾಗದ್ದು. ವಾಪಸ್ ತಗೊಂಡು ಹೋದ್ರು."

"ಬರೋಬರಿ ಐತಿ" ಎಂದರು ಅಪ್ಪ. "ಅವರ ಸ್ಟೂಲು ಅವರು ಒಯ್ದಾರ."

ನನಗೆ ಮೈಯೆಲ್ಲ ಉರಿಯಿತು. ಹಲ್ಲುನೋವಿನವರೇ ಎದುರಿನವರ ವಕೀಲಿಕೆ ಮಾಡತೊಡಗಿದರೆ ಜಗಳ ಮಾಡುವುದಾದರೂ ಯಾರ ಪರವಾಗಿ? ಡಾಕ್ಟರ್ ಅಪ್ಪನ ಗಲ್ಲ ಮುಟ್ಟಿ ನೋಡಿ ನನ್ನನ್ನು ಬಾಗಿಲ ಹತ್ತಿರ ಕರೆದರು. ಕೀವು ತುಂಬಿದೆ, ಬಾವು ಕಣ್ಣಿನ ಕಡೆಗೆ ಏರುತ್ತಿದೆ, ಗುಳಿಗೆ ಕೊಡುತ್ತೇನೆ, ಆದರೆ ಹಲ್ಲು ತೆಗೆಯದೆ ಇದು ನಿಲ್ಲುವುದಿಲ್ಲ, ತಡ ಮಾಡಿದರೆ ಜೀವಕ್ಕೇ ಅಪಾಯ, ದಯವಿಟ್ಟು ಹೊರಗೆ ತೋರಿಸಿ ಎಂದರು. ತಿರುಗಿ ನೋಡಿದರೆ ಅಪ್ಪ ಮೇಜಿನ ಮುಂದೆ ಕುಳಿತು, ಕುರ್ಚಿ ರಿಪೇರಿಗಾಗಿ ಡಾಕ್ಟರ್ ಬೆಂಗಳೂರಿಗೆ ಬರೆದ ಪತ್ರದ ನಕಲನ್ನು ಓದುತ್ತಿದ್ದರು.

"ಹಿಂದಿನ ಪತ್ರದ ಉಲ್ಲೇಖನ ಹಾಕಿಲ್ರಿ ನೀವು" ಎಂದರು. "ಉತ್ತರ ಎಲ್ಲಿಂದ ಬರಬೇಕು?" ಒಂದು ಕೈಯಿಂದ ಗಲ್ಲ ಹಿಡಿದುಕೊಂಡು ಇನ್ನೊಂದು ಕೈಯಿಂದ ಹೊಸದೊಂದು ಜ್ಞಾಪನಾ ಪತ್ರ ಬರೆದುಕೊಟ್ಟರು. ಡಾಕ್ಟರ್ ಅದನ್ನು ಎರಡು ಸಲ ಓದಿ, ಇಷ್ಟು ಒಳ್ಳೆಯ ಪತ್ರ ಈ ದವಾಖಾನೆಯಿಂದ ಹಿಂದೆಂದೂ ಹೋಗಿರಲಿಕ್ಕಿಲ್ಲ ಎಂದರು. ನೋವಿನಲ್ಲೂ ಅಪ್ಪನಿಗೆ ಹಿಗ್ಗಾಯಿತು.

ಹೊರಗೆ ತೋರಿಸೋಣ ಬನ್ನಿ ಎಂದು ಎಷ್ಟು ಬೇಡಿಕೊಂಡರೂ ಜಗ್ಗಲಿಲ್ಲ. ಆಗ ನಾನು ದನಿ ಎತ್ತಿದೆ. ನಮ್ಮ ಕಾರಖಾನೆಯಲ್ಲಿ ಲೋಡು ತುಂಬಿದ ಲಾರಿಯನ್ನೇ ಎತ್ತಿ ಇಳಿಸುತ್ತಾರೆ, ಈ ಕುರ್ಚಿ ಯಾವ ಲೆಕ್ಕ, ನಾಳೆ ಟೆಂಪೋ ತರುತ್ತೇನೆ, ಕೊಟ್ಟು ಕಳಿಸಿರಿ ಎಂದೆ. ಸರಕಾರಿ ಸಾಮಾನು ಪರವಾನಗಿ ಇಲ್ಲದೆ ಗೇಟು ದಾಟುವ ಹಾಗಿಲ್ಲ ಎಂದರು ಡಾಕ್ಟರ್. ಪರವಾನಗಿಯೂ ಬೆಂಗಳೂರಿನಿಂದಲೇ ಬರಬೇಕು. ಅಷ್ಟು ಹೊತ್ತು ಗೋಡೆಗೆ ಒರಗಿ ನಿಂತಿದ್ದ ಜವಾನ ಮೊದಲ ಸಲ ಬಾಯಿ ಬಿಟ್ಟ. "ಸಾಮಾನು ದಾಟಾಕ ಬರೂದಿಲ್ರಿ. ಪೇಶಂಟ್ ದಾಟ್ತಾರಲ್ರಿ. ದಿನಾ ಎಷ್ಟು ಮಂದೀನ ಹೊರಗ ರೆಫರ್ ಮಾಡ್ತೀರಿ, ಇದನ್ನೂ ಮಾಡ್ರಿ."

ಡಾಕ್ಟರ್ ನಕ್ಕರು. ನಾನೂ ನಕ್ಕೆ. ಅಪ್ಪ ನಗಲಿಲ್ಲ. ಬಹಳ ಹೊತ್ತು ವಿಚಾರ ಮಾಡಿ, "ಕೇಸ್ ಪೇಪರ್ ಇಲ್ಲದ ಯಾರನ್ನೂ ರೆಫರ್ ಮಾಡಾಕ ಬರೂದಿಲ್ಲ. ಮೊದಲ ಅದನ್ನ ಮಾಡಸ್ರಿ" ಎಂದರು. ತಾವೇ ತುಂಬಿದರು. ಹೆಸರು, ಕುರ್ಚಿ. ವಯಸ್ಸು, ಹನ್ನೊಂದು. ತಕರಾರು, ಏರಿದ್ದು ಇಳಿಯುವುದಿಲ್ಲ. ಗಂಡೋ ಹೆಣ್ಣೋ ಎಂಬಲ್ಲಿ ಸ್ವಲ್ಪ ತಡೆಯಿತು. ಡಾಕ್ಟರ್ ಖಾಲಿ ಬಿಡಿ ಎಂದರು. ಖಾಲಿ ಬಿಟ್ಟ ಕಾಗದಕ್ಕೆ ಬೆಲೆ ಇಲ್ಲವೆಂದು ಅಪ್ಪ ಅಲ್ಲಿ 'ಅನ್ವಯಿಸುವುದಿಲ್ಲ' ಎಂದು ಬರೆದು, ರೋಗಿಯ ಜವಾಬ್ದಾರಿ ಹೊತ್ತವರು ಎಂಬಲ್ಲಿ ತಮ್ಮ ಸಹಿ ಹಾಕಿದರು.

ಮರುದಿನ ಕಾರಖಾನೆಯ ತೆರೆದ ಟೆಂಪೋದಲ್ಲಿ ಕುರ್ಚಿಯನ್ನು ನೆಟ್ಟಗೆ ನಿಲ್ಲಿಸಿ ಹಗ್ಗ ಬಿಗಿದರು. ಮಲಗಿಸಿದರೆ ಎಣ್ಣೆ ಚೆಲ್ಲುತ್ತದೆ, ಹಾಗೇ ಒಯ್ದರೆ ಅಲುಗಾಡುತ್ತದೆ, ಮೇಲೆ ಯಾರಾದರೂ ಕುಳಿತರೆ ವಜ್ಜೆಗೆ ಗಟ್ಟಿ ನಿಲ್ಲುತ್ತದೆ ಎಂದ ಡ್ರೈವರ. ಸಹಿ ಹಾಕಿದವರು ಅಪ್ಪ. ಹಾಗಾಗಿ ಅಪ್ಪನೇ ಏರಿ ಕುಳಿತರು, ನಾನೂ ಜವಾನನೂ ಕುರ್ಚಿಯ ಬುಡ ಹಿಡಿದು ನಿಂತೆವು. ಗೇಟಿನವನು ಕೇಸ್ ಪೇಪರ್ ನೋಡಿದ, ಕುರ್ಚಿ ನೋಡಿದ, "ಪೇಶಂಟ್ ಸಂಗಡ ಯಾರು?" ಎಂದು ಕೇಳಿ ಬಿಟ್ಟುಕೊಟ್ಟ.

ಅಪ್ಪ ಹೇಗೆ ಕಾಣುತ್ತಿದ್ದಾರೆಂದು ನನಗೆ ಹೊಳೆದದ್ದು ರೈಲ್ವೆ ಗೇಟು ಬಿದ್ದು ಟೆಂಪೋ ನಿಂತ ಮೇಲೆ. ನಮ್ಮ ಲಿಂಗಾಯತರಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಗದ್ದಕ್ಕೆ ಬಟ್ಟೆ ಕಟ್ಟಿ, ಹಣೆಗೆ ವಿಭೂತಿ ಹಚ್ಚಿ, ಕೂಡಿಸಿಯೇ ಮೆರವಣಿಗೆ ಮಾಡುತ್ತಾರೆ. ಅಪ್ಪನ ಗದ್ದಕ್ಕೆ ಟಾವೆಲ್ಲು ಕಟ್ಟಿತ್ತು, ಹಣೆಯಲ್ಲಿ ವಿಭೂತಿ ಇತ್ತು, ನಿದ್ದೆ ಇಲ್ಲದ ಕಣ್ಣು ಮುಚ್ಚಿದ್ದವು, ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಸೈಕಲ್ ಮೇಲಿದ್ದವರು ಇಳಿದರು. ಟೊಪ್ಪಿಗೆ ಹಾಕಿದವರು ತೆಗೆದರು. ಹೂವಿನ ಬುಟ್ಟಿ ಹೊತ್ತ ಮುದುಕಿಯೊಬ್ಬಳು ಸೇವಂತಿಗೆಯ ಒಂದು ಮಾಲೆಯನ್ನು ಅಪ್ಪನ ತೊಡೆಯ ಮೇಲೆ ಬೀಳುವಂತೆ ಹಾಕಿ, ನನ್ನ ಕಡೆ ನೋಡಿ, "ಅಳಬ್ಯಾಡವಾ ತಾಯಿ, ಪುಣ್ಯವಂತರು" ಎಂದಳು.

ವಡಗಾವಿಯ ನೇಕಾರನಿರಬೇಕು, ಸೈಕಲ್ಲಿಗೆ ಸೀರೆಯ ಗಂಟು ಕಟ್ಟಿಕೊಂಡಿದ್ದವನೊಬ್ಬ ಮೆಲ್ಲಗೆ ಕೇಳಿದ. "ಎಲ್ಲಿಗೆ ಒಯ್ಯಾಕತ್ತೀರಿ?"

"ಉದ್ಯಮಬಾಗಕ್ಕ. ನಮ್ಮ ಫ್ಯಾಕ್ಟರಿಗೆ" ಎಂದೆ.

ಆತ ಅಪ್ಪನಿಗೆ ಕೈಮುಗಿದು, "ಭಾಳ ನಿಷ್ಠೆಯಿಂದ ಕೆಲಸಾ ಮಾಡಿರಬೇಕು" ಎಂದ.

ನಗು ಬರಬೇಕಾದ ಜಾಗ ಅದು. ನನಗೆ ಅಳು ಬಂತು. ತೊಡೆಯ ಮೇಲೆ ಹೂವು ಇಟ್ಟುಕೊಂಡು ಅಲ್ಲಾಡದೆ ಕುಳಿತ ಅಪ್ಪನನ್ನು ನೋಡಿ, ಇದು ನಾಳೆಯೇ ನಿಜವಾದರೆ ಎಂದು ಹೆದರಿದೆ. ಇದೇ ಬೀದಿಯಲ್ಲಿ ನಾವು ಖಾಸಗಿ ಡಾಕ್ಟರರ ಬೋರ್ಡನ್ನು ದಾಟಿ ಬಂದಿದ್ದೆವು. ನನ್ನ ಪರ್ಸು ನನ್ನ ಕೈಯಲ್ಲೇ ಇತ್ತು. ಹೆತ್ತ ಮಗಳ ದುಡ್ಡಿಗಿಂತ ಸಾವೇ ವಾಸಿ ಎನ್ನುವ ಈ ಮನುಷ್ಯನ ಮೇಲೆ ಬಂದಷ್ಟು ಸಿಟ್ಟು ನನಗೆ ಯಾರ ಮೇಲೂ ಬಂದಿಲ್ಲ. ನಾನು ಎಲ್ಲರೆದುರು ಬಿಕ್ಕಿ ಬಿಕ್ಕಿ ಅತ್ತೆ, ನೆರೆದವರಿಗೆ ಉಳಿದ ಸಂಶಯವೂ ಹೋಯಿತು.

ರೈಲು ಇನ್ನೂ ಬಂದಿರಲಿಲ್ಲ. ಬಿಸಿಲು ಚುರುಗುಟ್ಟುತ್ತಿತ್ತು. ಇದ್ದಕ್ಕಿದ್ದಂತೆ ಕುರ್ಚಿಯ ಬುಡದಲ್ಲಿ ಗುಳುಗುಳು ಸದ್ದಾಯಿತು. ಅಪ್ಪ ಕೂತಲ್ಲೇ ನಿಧಾನವಾಗಿ ಕೆಳಗಿಳಿಯತೊಡಗಿದರು. ಜನ ಎರಡು ಹೆಜ್ಜೆ ಹಿಂದೆ ಸರಿದರು. ಅಪ್ಪ ಒಂದು ಕಣ್ಣು ತೆರೆದು, "ಇಳ್ಯಾಕತ್ತೈತಿ. ಟೈಮ್ ಬರಕೋ" ಎಂದರು. ಮುದುಕಿ ಬುಟ್ಟಿಯನ್ನು ಅಲ್ಲೇ ಬಿಟ್ಟು ಓಡಿದಳು.

ಕಾರಖಾನೆಯಲ್ಲಿ ನಮ್ಮ ಮಿಸ್ತ್ರಿ ಕುರ್ಚಿಯ ಬುಡ ಬಿಚ್ಚಿ, ಬೆರಳು ಅದ್ದಿ ಮೂಸಿ ನೋಡಿದರು. ವಯಸ್ಸಾದ ಮುಸಲ್ಮಾನರು. ನಾವೆಲ್ಲ ಅವರನ್ನು ಚಾಚಾ ಎಂದು ಕರೆಯುತ್ತಿದ್ದೆವು. "ಬೇಟಿ, ಇದರಾಗ ಯಾರೋ ಖೊಬ್ಬರಿ ಎಣ್ಣಿ ಹಾಕ್ಯಾರ" ಎಂದರು. ಸಂಗಡ ಬಂದಿದ್ದ ಜವಾನ ನೆಲ ನೋಡಿದ. ಕುರ್ಚಿಯ ಎಣ್ಣೆಗೆ ಬರೆದು ಬರೆದು ಸಾಕಾಗಿ, ಮನೆಯಲ್ಲಿ ತಲೆಗೆ ಹಚ್ಚುವ ಬಾಟಲಿಯನ್ನೇ ತಂದು ಸುರಿದವನು ಅವನೇ. ಬೆಳಗಾವಿಯ ಥಂಡಿಗೆ, ಬಿಸಿಲಿಲ್ಲದ ಕೋಣೆಯಲ್ಲಿ, ಅದು ಹೆಪ್ಪುಗಟ್ಟಿ ಕೂತಿತ್ತು. ಬೆಂಗಳೂರಿಗೆ ಹೋದ ಅಷ್ಟೂ ಪತ್ರಗಳ ಬದಲು ಕುರ್ಚಿಯನ್ನು ಒಂದು ತಾಸು ಅಂಗಳಕ್ಕೆ ತಂದಿಟ್ಟಿದ್ದರೆ ಸಾಕಿತ್ತು. ಚಾಚಾ ಒಳಗೆಲ್ಲ ತೊಳೆದು ಜ್ಯಾಕಿನ ಎಣ್ಣೆ ತುಂಬಿಕೊಟ್ಟರು. ಅಪ್ಪ ಅವರಿಂದ ಕೇಸ್ ಪೇಪರಿನ ಮೇಲೆ 'ಗುಣವಾಗಿದೆ' ಎಂದು ಬರೆಸಿಕೊಂಡರು.

ಕುರ್ಚಿ ದವಾಖಾನೆಗೆ ಮರಳಿತು. ಅದರ ಮರುದಿನ ಹಲ್ಲು ಹೊರಬಂತು. ಸುಲಭವಾಗಿ ಬರಲಿಲ್ಲ. ನಾನು ಹೊರಗೆ ನಿಂತು ಕಿವಿ ಮುಚ್ಚಿಕೊಂಡಿದ್ದೆ. ಬಾಗಿಲು ತೆರೆದಾಗ ಅಪ್ಪ ಬಾಯಿ ತುಂಬ ಹತ್ತಿ ಇಟ್ಟುಕೊಂಡು, ಬೆವರಿನಲ್ಲಿ ತೊಯ್ದು, ನೆಲದಿಂದ ಒಂದು ಗೇಣು ಎತ್ತರದಲ್ಲಿ ಕುಳಿತಿದ್ದರು. ಕೀವು ಎಲ್ಲ ಹೋಯಿತು, ಇನ್ನು ಭಯವಿಲ್ಲ ಎಂದರು ಡಾಕ್ಟರ್. ನಾನು ಒಳಗೆ ಹೋಗಿ ಅಪ್ಪನ ಹಣೆಯ ಬೆವರು ಒರೆಸಿದೆ.

"ಇವತ್ತು ಬಿಸಿ ಏನೂ ಬೇಡ. ಅರ್ಧ ಗಂಟೆ ಬಿಟ್ಟು ಹತ್ತಿ ತೆಗೆದು, ತಣ್ಣಗಿರೋದು ಏನಾದರೂ ಕೊಡಿ. ಐಸ್‌ಕ್ರೀಮ್ ಆದ್ರೆ ಒಳ್ಳೇದು" ಎಂದರು. ಮಾತಾಡಲಾರದ ಅಪ್ಪ ಗಾಳಿಯಲ್ಲಿ ಬೆರಳಾಡಿಸಿ, ಬರೆದುಕೊಡಿ ಎಂದು ಸನ್ನೆ ಮಾಡಿದರು. ಡಾಕ್ಟರ್ 'ಐಸ್‌ಕ್ರೀಮ್, ಒಂದು' ಎಂದು ಬರೆದು ಸಹಿ ಹಾಕಿದರು. ಅಪ್ಪ ಆ ಚೀಟಿ ಹಿಡಿದು ನೆಟ್ಟಗೆ ಹೋಗಿ ದವಾಖಾನೆಯ ಔಷಧಿ ಕಿಟಕಿಯ ಪಾಳಿಯಲ್ಲಿ ನಿಂತರು. ಕಿಟಕಿಯವನು ಚೀಟಿಯನ್ನು ಸರಿಯಾಗಿ ನೋಡದೆ, "ಸ್ಟಾಕ್ ಇಲ್ಲ, ಹೊರಗ ತಗೋರಿ" ಎಂದು ಶಿಕ್ಕಾ ಒತ್ತಿದ. ಹೊರಗೆ ಕೊಳ್ಳಲು ಅಪ್ಪನಿಗೆ ಕೊನೆಗೂ ಸರಕಾರದ ಅಪ್ಪಣೆ ಸಿಕ್ಕಿತು.

ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಅಂಗಡಿಯಲ್ಲಿ ಕುಳಿತೆವು. ಐಸ್‌ಕ್ರೀಮ್ ಬರುವ ಮೊದಲೇ ಅಪ್ಪ ಕಿಸೆಯಿಂದ ದುಡ್ಡು ತೆಗೆದು ಮೇಜಿನ ಮೇಲೆ, ನನ್ನ ಕೈಗೆ ಎಟುಕದ ಕಡೆ ಇಟ್ಟರು. ನಾನು ಮುಖ ತಿರುಗಿಸಿ ರಸ್ತೆ ನೋಡುತ್ತ ಕುಳಿತೆ. ಜಗಳ ಮಾಡುವ ತ್ರಾಣ ಇರಲಿಲ್ಲ.

ಊಟ ಕಾಣದೆ ಎಷ್ಟು ದಿನವಾಗಿತ್ತೋ, ಅಪ್ಪ ಬಟ್ಟಲನ್ನು ಒರೆಸಿದ ಹಾಗೆ ಖಾಲಿ ಮಾಡಿದರು. ಚಮಚ ಕೆಳಗಿಡಲಿಲ್ಲ.

"ಇನ್ನೊಂದು" ಎಂದರು, ಜೋಮು ಹಿಡಿದ ತುಟಿಯಿಂದ.

"ಚೀಟ್ಯಾಗ ಒಂದ ಬರದಾರ" ಎಂದೆ ನಾನು, ರಸ್ತೆಯ ಕಡೆಗೇ ನೋಡುತ್ತ.

"ಸರಕಾರದ್ದು ಮುಗೀತು" ಎಂದರು ಅಪ್ಪ. "ಇದನ್ನ ನೀ ಕೊಡಸು."

ಅಂಗಡಿಯವನು ನಮ್ಮ ಕಡೆಗೇ ನೋಡುತ್ತಿದ್ದ. ನಾನು ಪರ್ಸು ತೆಗೆದು ಮೇಜಿನ ಮೇಲಿಟ್ಟೆ. ಎರಡು ಬೆರಳು ಎತ್ತಿ ತೋರಿಸಿದೆ.