ಹೊಸಿಲ ಬದಿಯ ಸಿಮೆಂಟ್ ಮೆಟ್ಟಿಲು

ದೊಡ್ಡ ಮನೆಗಳನ್ನು ಆಡಿಕೊಳ್ಳುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಕಾರ್ಖಾನೆಯಲ್ಲಿ ಇರಲಿಲ್ಲ. ಹೊಸೂರಿನ ಸುತ್ತ ಈಗ ಎತ್ತ ತಿರುಗಿದರೂ ವಿಲ್ಲಾಗಳು. ಎಲ್ಲಕ್ಕೂ ಅದೇ ಬೂದು ಬಣ್ಣ, ಅದೇ ಗಾಜಿನ ಕಟಕಟೆ, ಬಾಗಿಲ ಪಕ್ಕ ಅದೇ ಬುದ್ಧನ ತಲೆ. "ಕುಡಿದು ಬಂದವನು ಪಕ್ಕದ ಮನೆಗೆ ಹೋಗಿ ಮಲಗಿದರೂ ಬೆಳಗಿನವರೆಗೆ ಗೊತ್ತಾಗಲ್ಲ" ಎಂದು ಕ್ಯಾಂಟೀನಿನಲ್ಲಿ ನಾನು ಹೇಳಿದರೆ ಮೇಜಿಗೆ ಮೇಜೇ ನಗುತ್ತಿತ್ತು. ಆ ನಗುವಿನ ರುಚಿ ನನಗೆ ಹತ್ತಿಬಿಟ್ಟಿತ್ತು.

ಇಷ್ಟೆಲ್ಲ ಮಾತಾಡುವ ನಾನು ಇರುವುದು ಐದನೇ ಮಹಡಿಯ ಫ್ಲಾಟಿನಲ್ಲಿ. ಲಿಫ್ಟ್ ಇದೆ, ಕರೆಂಟ್ ಹೋದರೆ ಜನರೇಟರ್ ಇದೆ. ಯಾರಾದರೂ ಅದನ್ನು ಎತ್ತಿ ಆಡಿದರೆ, "ನಂದು ಬಿಡಿ, ಗೂಡು. ಮನೆ ಅಂದರೆ ಏನು ಅಂತ ನೋಡಬೇಕಾದರೆ ನನ್ನ ತಂಗಿಯ ಮನೆಗೆ ಬನ್ನಿ" ಎನ್ನುತ್ತಿದ್ದೆ.

ತಂಗಿಯ ಮನೆ ಕೆಲಮಂಗಲ ದಾಟಿ ಎರಡು ಮೈಲಿ. ಅವಳ ಗಂಡನ ಅಜ್ಜ ಕಟ್ಟಿಸಿದ್ದು. ಮಣ್ಣಿನ ಮಾಳಿಗೆ, ಕಲ್ಲುಕಂಬ, ಹತ್ತು ಜನ ಸಾಲಾಗಿ ಮಲಗಬಹುದಾದ ಜಗಲಿ. ಮಾಳಿಗೆಯಲ್ಲಿ ಒಂದು ಗವಾಕ್ಷಿ. ಮಧ್ಯಾಹ್ನವಾದರೆ ಬಿಸಿಲು ಅಲ್ಲಿಂದ ನೇರ ಒರಳುಕಲ್ಲಿನ ಮೇಲೆ ಬೀಳುತ್ತದೆ. ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ತಲೆಬಾಗಿಲ ಹೊಸಿಲು. ಒಂದೇ ಮರದ ತೊಲೆ, ಹೆಚ್ಚುಕಡಿಮೆ ಮೊಣಕಾಲೆತ್ತರ. ನನ್ನ ಮನೆಯಲ್ಲ, ನಮ್ಮಪ್ಪನ ಮನೆಯೂ ಅಲ್ಲ, ಆದರೂ ಅದರ ಬಗ್ಗೆ ನನಗಿದ್ದಷ್ಟು ಜಂಬ ಅದರಲ್ಲಿ ಬದುಕುವವರಿಗೆ ಇರಲಿಲ್ಲ.

ಹೋದ ವರ್ಷ ತಂಗಿಗೆ ಮೊಣಕಾಲು ಹಿಡಿದುಕೊಂಡಿತು. ಕೊಟ್ಟಿಗೆಗೆ ತಂದು ಮಿಕ್ಕಿದ್ದ ಸಿಮೆಂಟು ಕಲಸಿ ಅವಳ ಗಂಡ ಹೊಸಿಲ ಒಳಗೊಂದು ಹೊರಗೊಂದು ಮೆಟ್ಟಿಲು ಹಾಕಿದ. ಕೈಯಲ್ಲೇ ಮೆತ್ತಿದ್ದು, ಒಂದು ಕಡೆ ಉಬ್ಬಿತ್ತು. ಸಂತೋಷಕ್ಕೆ ತಂಗಿ ಅದರ ಪಟ ತೆಗೆದು ನನಗೆ ಕಳಿಸಿದಳು. "ಇದ್ಯಾಕಮ್ಮಿ, ಬಾಗ್ಲಲ್ಲಿ ಯಾರೋ ಕಕ್ಕಿದಂಗೈತೆ" ಎಂದು ಬರೆದೆ. ಅವಳು ನಗುವ ಮುಖವೊಂದನ್ನು ಕಳಿಸಿದಳು. ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಈ ನಡುವೆ ಮೈಸೂರು ಕಡೆಯ ನನ್ನ ಸಹೋದ್ಯೋಗಿಯೊಬ್ಬರು ವಿಲ್ಲಾ ಕೊಂಡರು. ಗೃಹಪ್ರವೇಶಕ್ಕೆ ಹೋಗಿ, ಎರಡು ಹೋಳಿಗೆ ಹೆಚ್ಚಾಗಿಯೇ ತಿಂದು, ಕೈ ಒಣಗುವ ಮೊದಲೇ ಶುರು ಮಾಡಿದೆ. ಅವರ ಬಾಗಿಲಿಗೆ ಹೊಸಿಲೇ ಇರಲಿಲ್ಲ. ನೆಲ ನುಣ್ಣಗೆ ಒಳಗಿನಿಂದ ಹೊರಗೆ ಹರಿದುಹೋಗಿತ್ತು. "ಲಕ್ಷ್ಮಿ ಒಳಗೆ ಬಂದ ಹಾಗೇ ಜಾರಿಕೊಂಡು ಹೊರಗೆ ಹೋಗ್ತಾಳೆ, ಹುಷಾರು" ಎಂದೆ. ಅವರ ವಯಸ್ಸಾದ ತಾಯಿ ವಾಕರ್ ಹಿಡಿದು ಆ ಬಾಗಿಲಲ್ಲೇ ಯಾರ ಸಹಾಯವೂ ಇಲ್ಲದೆ ಓಡಾಡುತ್ತಿದ್ದರು. ಅವರ ಎದುರಿಗೇ ಹೇಳಿದೆ.

ಸಹೋದ್ಯೋಗಿ ಬೇಸರ ತೋರಿಸಲಿಲ್ಲ. "ಆಯ್ತು ಸಾರ್, ಆ ನಿಮ್ಮ ತಂಗಿ ಮನೆ ಒಂದು ಸಲ ತೋರಿಸಿಬಿಡಿ" ಎಂದರು. ನಾನು ಅಲ್ಲಿಂದಲೇ ತಂಗಿಗೆ ಫೋನ್ ಮಾಡಿದೆ.

"ಭಾನ್ವಾರ ಬತ್ತೀವಿ ಕಣಮ್ಮಿ. ಪಟ ತೆಗೀತಾರಂತೆ. ಆ ಸಿಮೆಂಟ್ ಗಡ್ಡೆ ಒಂದ್ ಇಲ್ದಿದ್ರೆ ಎಷ್ಟ್ ಸಂದಾಕಿರೋದು!"

ಭಾನುವಾರ ಅವರು, ಅವರ ಹೆಂಡತಿ, ನಾನು ಹೋದೆವು. ಹೊಸಿಲಿಗೆ ಅರಿಶಿನ ಬಳಿದು ಕುಂಕುಮ ಇಟ್ಟಿತ್ತು. ಅದರ ಮುಂದೆ ಹೊಸದಾಗಿ ಸಗಣಿ ಸಾರಿಸಿ ರಂಗೋಲಿ ಬಿಟ್ಟಿತ್ತು. ಮೆಟ್ಟಿಲು ಇರಲಿಲ್ಲ. ನನಗೆ ಖುಷಿಯಾಯಿತು. ಏನಾಯಿತು ಎಂದು ಕೇಳಲೂ ಇಲ್ಲ.

"ನೋಡಿ," ಎಂದು ಭಾಷಣಕ್ಕೆ ನಿಂತೆ. "ಹಿಂದಿನವರು ಸುಮ್ಮನೆ ಇಷ್ಟೆತ್ತರ ಇಡಲಿಲ್ಲ. ಬರುವವನು ಒಂದು ಗಳಿಗೆ ನಿಂತು, ಕಾಲೆತ್ತಿ, ತಲೆ ತಗ್ಗಿಸಿ ಒಳಗೆ ಬರಲಿ ಅಂತ. ನಿಮ್ಮ ವಿಲ್ಲಾದಲ್ಲಿ ಇದು ಸಿಗುತ್ತಾ?"

ಸಹೋದ್ಯೋಗಿ ಅಂಗಳದಲ್ಲಿ ನಿಂತು ಫೋನ್ ಹಿಡಿದರು. ಅಷ್ಟರಲ್ಲಿ ತಂಗಿ ಕಾಫಿ ತಂದಳು. ಲೋಟಗಳನ್ನು ಮೊದಲು ಹೊಸಿಲ ಮೇಲಿಟ್ಟಳು. ಆಮೇಲೆ ಬಾಗಿಲುವಾಡ ಹಿಡಿದು, ನಿಧಾನವಾಗಿ ತಿರುಗಿ, ಹೊಸಿಲ ಮೇಲೆ ಕೂತಳು. ಚಿಕ್ಕಂದಿನಲ್ಲಿ ಹೊಸಿಲ ಮೇಲೆ ಕೂತರೆ ನಮ್ಮಮ್ಮ ಬೆನ್ನಿಗೆ ಬಾರಿಸುತ್ತಿದ್ದಳು. ಮದುವೆಯಾಗಿ ಬಂದಮೇಲೂ ತಂಗಿ ಆ ಮಾತು ಮೀರಿದವಳಲ್ಲ. ಈಗ ಕೂತು, ಎರಡೂ ಕೈಯಲ್ಲಿ ಬಲಗಾಲನ್ನು ಎತ್ತಿ ಹೊರಗಿಡಲು ಹೋದಳು.

ನನಗೆ ಆಗ ಅನಿಸಿದ್ದನ್ನು ಇದ್ದಂತೆ ಹೇಳಿಬಿಡುತ್ತೇನೆ. ಅಯ್ಯೋ ಅನಿಸಲಿಲ್ಲ. ಒಳ್ಳೆ ಪಟ ಕೆಡಿಸಿದಳಲ್ಲ ಅನಿಸಿತು.

"ಒಸಿ ಒಳಕ್ಕೆ ಸರಕೊಳಮ್ಮಿ, ಪಟದಾಗೆ ಬತ್ತೀಯ," ಎಂದೆ.

ಅವಳು ಎತ್ತಿದ ಕಾಲನ್ನು ಮತ್ತೆ ಒಳಗಿಟ್ಟು, ವಾಡ ಹಿಡಿದು ಎದ್ದು, ಲೋಟಗಳನ್ನೂ ತೆಗೆದುಕೊಂಡು ಪಕ್ಕಕ್ಕೆ ಸರಿದಳು. ಆ ಪಟ ಈಗಲೂ ನನ್ನ ಫೋನಿನಲ್ಲಿದೆ. ಹೊಸಿಲು ಚೆನ್ನಾಗಿ ಬಂದಿದೆ. ಬಾಗಿಲುವಾಡದ ಅಂಚಿನಲ್ಲಿ ಅವಳ ನಾಲ್ಕು ಬೆರಳು ಕಾಣುತ್ತವೆ.

ಸಹೋದ್ಯೋಗಿಯ ಹೆಂಡತಿ ಮಾತ್ರ ಓಡಿಹೋಗಿ ಲೋಟಗಳನ್ನು ಇಸಿದುಕೊಂಡರು. "ಇಡೀ ದಿನ ಹೇಗಮ್ಮ ಇದನ್ನು ದಾಟ್ತೀರಿ?" ಎಂದು ಕೇಳಿದರು. ತಂಗಿ ಒಮ್ಮೆ ನನ್ನ ಮುಖ ನೋಡಿದಳು. "ಏನಿಲ್ಲಮ್ಮ, ರೂಢಿ ಆಗೋಗೈತೆ," ಎಂದಳು.

ಕಾಫಿ ಕುಡಿದು ಕೈ ತೊಳೆಯಲು ಹಿತ್ತಿಲಿಗೆ ಹೋದೆ. ತಿಪ್ಪೆಯ ಪಕ್ಕ ಸಿಮೆಂಟಿನ ತುಂಡುಗಳು ಬಿದ್ದಿದ್ದವು. ಒಂದು ತುಂಡಿನ ಮೇಲೆ ಹಾರೆಯ ಗುರುತು. ಇನ್ನೊಂದರ ಮೇಲೆ ಅರಿಶಿನ ಕುಂಕುಮ. ಹೊಸಿಲಿಗೆ ಇಟ್ಟಾಗಲೆಲ್ಲ ಅವಳು ತನ್ನ ಮೆಟ್ಟಿಲಿಗೂ ಇಡುತ್ತಿದ್ದಳು ಅಂತ ಕಾಣುತ್ತದೆ. ಅವಳ ಗಂಡ ಎಮ್ಮೆಗೆ ಹುಲ್ಲು ಹಾಕುತ್ತಿದ್ದ.

"ನೀವ್ ಫೋನ್ ಮಾಡಿದ್ರಲ್ಲ ಭಾವ, ಮಾರ್ನೆ ದಿನ್ವೇ ಒಡೆಸ್ಬುಟ್ಲು," ಎಂದ. ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ಬ್ಯಾಡ ಕಣೇ, ಕಾಲ್ ನೋಯ್ತದೆ ಅಂದೆ. ನಮ್ಮಣ್ಣ ಅವ್ರ ಆಫೀಸಿನೋರ ಮುಂದೆ ತಲೆ ತಗ್ಗಿಸಂಗಾಗ್ಬಾರ್ದು ಅಂದ್ಲು."

ನಾನು ಫೋನ್ ಮಾಡಿದ್ದು ಬುಧವಾರ. ಗುರುವಾರದಿಂದ ಅವಳು ಆ ಹೊಸಿಲ ಮೇಲೆ ಕೂತು, ಕಾಲನ್ನು ಕೈಯಲ್ಲಿ ಎತ್ತಿಟ್ಟು, ಹಾಲು ಕರೆಯಲು, ನೀರು ತರಲು ಹೊರಗೆ ಬರುತ್ತಿದ್ದಳು. ನಾನು ಲಿಫ್ಟಿನಲ್ಲಿ ಓಡಾಡುತ್ತಿದ್ದೆ. ನಾಚಿಕೆ ಎಂಬ ಪದವನ್ನು ಎಷ್ಟೋ ಸಲ ಬಳಸಿದ್ದೇನೆ, ಬೇರೆಯವರಿಗೆ ಬೈಯಲು. ಅವತ್ತು ಅದು ಮೈಮೇಲೆ ಬಂತು. ಕಿವಿ ಬಿಸಿಯಾಯಿತು, ಅವನ ಕಡೆ ನೋಡಲಾಗದೆ ಒದ್ದೆ ಕೈಯನ್ನೇ ಒರೆಸಿಕೊಳ್ಳುತ್ತ ನಿಂತೆ. ತಪ್ಪಾಯಿತು ಅನ್ನಬೇಕಿತ್ತು. ಅನ್ನಲಿಲ್ಲ. ಈ ಸಲ ಹಾಲಿನ ರೇಟು ಹೇಗಿದೆ ಎಂದು ಕೇಳಿದೆ.

ಹೊರಡುವಾಗ ಸಹೋದ್ಯೋಗಿ ಮತ್ತು ಅವರ ಹೆಂಡತಿ ಕಾರಿನತ್ತ ನಡೆದರು. ತಂಗಿ ಹೊಸಿಲ ಒಳಗೇ ವಾಡ ಹಿಡಿದು ನಿಂತಿದ್ದಳು.

"ಅಣ್ಣ, ಪಟ ಸಂದಾಕ್ ಬಂತಾ?"

"ಬಂತು."

"ಇನ್ಯಾರಾನ ಬರಾದ್ ಐತಾ, ಮನೆ ನೋಡಾಕೆ?" ಎಂದಳು. ಚುಚ್ಚಿ ಮಾತಾಡುವುದು ಅವಳಿಗೆ ಹುಟ್ಟಿನಿಂದಲೇ ಬರುವುದಿಲ್ಲ. ನಿಜವಾಗಿಯೇ ಕೇಳುತ್ತಿದ್ದಳು. "ಇಲ್ಲಾಂದ್ರೆ ಮೆಟ್ಲು ಹಾಕಿಸ್ಕಂಡ್ಬುಡ್ಲಾ?"

"ಹಾಕಿಸ್ಕೊ," ಎಂದೆ.

ಅವಳ ಮನೆಯ ಬಾಗಿಲಿಗೆ, ಅವಳ ಕಾಲಿಗೆ, ನಾನು ಅಪ್ಪಣೆ ಕೊಟ್ಟೆ. ಅವಳು ಸಂತೋಷದಿಂದ ತಲೆಯಾಡಿಸಿದಳು.