ಕೊಣ್ಣೂರ ಬ್ರಿಜ್ಜಿಗೆ ಒಂದ ಮಾರ್ಕು

ಖರೇ ಹೇಳ್ತೀನ್ರಿ, ಕೊಣ್ಣೂರ ಬ್ರಿಜ್ಜಿನ ಮ್ಯಾಲೆ ನೀರ ಬರೂದಕ್ಕ ಒಂದ ಮಾರ್ಕು, ಡ್ರೈವರ್ ಮಲ್ಲಪ್ಪಣ್ಣನ ಫೋಟೊಕ್ಕ ಇಪ್ಪತ್ತೈದ ಮಾರ್ಕು ಹಾಕಿದ ಶ್ಯಾಣ್ಯಾ ನಾನು. ಇವತ್ತ ನರಗುಂದದಾಗ ಟೇಬಲ್ ಸರಸೂಮುಂದ ಆ ಹಳೇ ಪಟ್ಟಿ ಸಿಕ್ತು, ಚಾದ ಕಲಿ ಸಮೇತ.

ಹೊಳಿ ಆಚೆ ಹಳ್ಳಿಗಳಿಂದ ಡಯಾಲಿಸಿಸ್ ಮಾಡಿಸ್ಕೊಳ್ಳಾಕ ನರಗುಂದಕ್ಕ ಬರೋರಿಗೆ ಒಂದ ಗಾಡಿ ಐತಿ, ಈ ಬ್ರಿಜ್ ದಾಟೇ ಬರಬೇಕು. ಅದು ಎಲ್ಲಿ ಬಂತು ಅಂತ ಫೋನಿನ್ಯಾಗ ತೋರಸೂ ಆ್ಯಪ್ ಮಾಡು ಅಂತ ದವಾಖಾನಿಯವ್ರು ನನಗ ಹೇಳಿದ್ರು. ಬೇಕಾದ್ದು ಇಪ್ಪತ್ತು ಥರ, ಕೊಟ್ಟ ಟೈಮು ಒಂದ ತಿಂಗಳು. ಯಾವುದು ಮೊದಲ ಮಾಡಬೇಕು? ಕಾಲೇಜಿನ್ಯಾಗ ಕಲ್ತಿದ್ದೆ: ಕೆಡೂ ಸಂಭವ ಎಷ್ಟು, ಕೆಟ್ರ ಲುಕ್ಸಾನ ಎಷ್ಟು, ಎರಡಕ್ಕೂ ಐದರಾಗ ಮಾರ್ಕು ಹಾಕಿ ಗುಣಿಸೂದು, ದೊಡ್ಡ ಅಂಕಿ ಬಂದದ್ದು ಮೊದಲು. ಪರೀಕ್ಷಾದಾಗ ಬರದಿದ್ದೆ. ತಿಳದಿತ್ತೋ ಇಲ್ಲೋ, ಇವತ್ತಿಗೂ ಗೊತ್ತಿಲ್ಲ.

ಬ್ಯಾಸಿಗಿ. ಹೊಳ್ಯಾಗ ಹುಡುಗೂರು ಕ್ರಿಕೆಟ್ ಆಡಾಕತ್ತಿದ್ರು. ಚಾದ ಅಂಗಡ್ಯಾಗ ಕುಂತು ಮಲ್ಲಪ್ಪಣ್ಣಗ ಒಂದೊಂದ ಕೇಳಿದೆ. ನೀರ ಬಂದು ಬ್ರಿಜ್ ಬಂದ್ ಆಗೂದು? ಅಪರೂಪಕ್ಕ ಅಂದ. ಹಾಕಿದೆ ಒಂದು. ಆದ್ರ ಲುಕ್ಸಾನ?

"ನಂದೇನ ಹೋಗತೈತೋ? ದಂಡಿಗೆ ಗಾಡಿ ಹಚ್ಚಿ ಮಲಗತೀನಿ."

ಹಾಕಿದೆ ಇನ್ನೊಂದು. ಒಂದೊಂದ್ಲೆ ಒಂದು, ಪಟ್ಟಿ ತಳಕ್ಕ ಬಿತ್ತು. ಆ್ಯಪಿನ್ಯಾಗ ತನ್ನ ಫೋಟೊ ಚಲೋ ಬರಲಿಲ್ಲಂದ್ರ ಮಾತ್ರ ಗಾಡಿನ ಹೊಡ್ಯೂದಿಲ್ಲ ಅಂದ. ಆ ಮಾರಿಗೆ ಫೋಟೊ ಕೆಡೂ ಸಂಭವನೂ ಭಾಳ. ಐದೈದ್ಲೆ ಇಪ್ಪತ್ತೈದು. ಒಂದ ವಾರ ಅವನ ಮೀಸಿ ತಿದ್ದೂದ್ರಾಗ ಹೋತು.

ಮಳಿಗಾಲದಾಗ ಒಂದ ಮುಂಜಾನೆ ಬ್ರಿಜ್ ಮುಳುಗ್ತು. ಗಾಡಿ ಈಚೆ ದಂಡ್ಯಾಗ ನಿಂತಿತ್ತು. ನನ್ನ ಆ್ಯಪ್ ಮಾತ್ರ ಐದ ನಿಮಿಷದಾಗ ಬರತೈತಿ, ಐದ ನಿಮಿಷದಾಗ ಬರತೈತಿ ಅಂತ ಮಲ್ಲಪ್ಪಣ್ಣನ ನಗಿಮಾರಿ ತೋರಸ್ಕೋಂತ ಇತ್ತು. ಆಚೆ ಊರಿನ ಶಾಂತವ್ವಾಯಿ ಅದನ್ನ ನಂಬಿ ಮಧ್ಯಾಹ್ನದ ತನಕ ಕಟ್ಟಿ ಮ್ಯಾಲೆ ಕುಂತಿದ್ಲು. ಲಗೂ ಗೊತ್ತಾಗಿದ್ರ ಮಗ ಬದಾಮಿ ದವಾಖಾನಿಗೆ ಒಯ್ತಿದ್ದ. ಹೊಲಕ್ಕ ಹೋದ ಮಗ ಬಂದು ಸಂಜಿಕ ಒಯ್ಯೂದ್ರಾಗ ಕಾಲ ಬಾತಿದ್ದುವು, ಉಸರ ಹತ್ತಿತ್ತು. ಎರಡ ದಿನ ಆಕ್ಸಿಜನ್ ಮ್ಯಾಲಿಟ್ರು.

ಇವತ್ತ ಮತ್ತ ಹೊಸಾ ಪಟ್ಟಿ ಹಿಡದ ಕುಂತೀನಿ. ಸಂಭವ ಹ್ಯಾಂಗೋ ಬರೀತೀನಿ. ಲುಕ್ಸಾನದ ಕಡೆ ಬಂದ್ರ ಪೆನ್ನು ನಿಲ್ಲತೈತಿ. ಫೋನ್ ತಗೊಂಡು ಊರೂರಿನ ಪೇಷಂಟ್‌ಗಳಿಗೆ ಹಚ್ಚತೀನಿ. ಒಬ್ಬೊಬ್ಬರದು ಒಂದೊಂದ ಉತ್ತರ, ತಲಿ ಗಿರ್ ಅಂತೈತಿ. ಆದ್ರೂ ಹಚ್ಚತೀನಿ. ಯಾಕಂದ್ರ ನೀರ ಇಳದ ಮ್ಯಾಲೆ ತಪ್ಪಾತು ಅನ್ನಾಕ ಹೋಗಿ, ಗುಣಾಕಾರ ಎಲ್ಲಾ ಬಿಡಿಸಿ ಹೇಳಿದ್ದೆ. ಶಾಂತವ್ವಾಯಿ ಪೂರಾ ಕೇಳಿ, ಸೆರಗಲೆ ಮಾರಿ ಒರಸ್ಕೊಂಡು ಅಂದ್ಲು:

"ಮಲ್ಲಪ್ಪ ಗಾಡಿ ಹೊಡ್ಯಾಂವ, ತಮ್ಮಾ. ಕಾಯಾಕಿ ನಾನು. ಲುಕ್ಸಾನ ಎಷ್ಟಂತ ನನ್ನ ಕೇಳಬೇಕಿತ್ತಿಲ್ಲೋ?"