ಹುರುಳಿ ಸಾರಿನ ಗೆಲುವು ಯಾರದು?

ಸ್ನೇಹಿತರೇ, ಬಿ.ಕಾಂ.ನಲ್ಲಿ ಕಾಲೇಜಿಗೇ ಮೊದಲಿಗಳಾದ ನಾನು ಇಂದು ನಮ್ಮ ಮನೆಯಲ್ಲಿ ಸೋತೆ. ಗೆದ್ದವಳು, ಪಿಯುಸಿಯನ್ನು ಹೇಗೋ ದಾಟಿದ ನನ್ನ ತಂಗಿ ಗಿರಿಜಾ.

ತೊಗರಿಬೇಳೆಯ ಬೆಲೆ ಏರುತ್ತಲೇ ಇದೆ. ಖರ್ಚು ತಗ್ಗಿಸುವ ಒಳ್ಳೆಯ ದಾರಿ ತೋರಿಸಿದವರಿಗೇ ಈ ತಿಂಗಳ ಕೊಟ್ಟೂರು ಸಂತೆಯ ದುಡ್ಡನ್ನು ಒಪ್ಪಿಸುವೆನೆಂದು ಅವ್ವ ಹೇಳಿದ್ದಳು. ಬೆಳಿಗ್ಗೆ ನಾನು ಅಪ್ಪನೆದುರು ನಿಂತು, ವಾರದಲ್ಲಿ ನಾಲ್ಕು ದಿನ ಬೇಳೆಯ ಬದಲು ಹುರುಳಿ ಬಳಸುವ ಯೋಜನೆಯನ್ನು ಸಕಾರಣವಾಗಿ ಮಂಡಿಸಿದೆ.

“ಹುರುಳಿ ಎತ್ತಿಗೆ ಹಾಕ್ತಾರವ್ವ! ನಮ್ಮನ್ನೂ ಎತ್ತಿನ ಗ್ವಾದ್ಲಿಗೆ ಕಟ್ತೀಯೇನು?” ಎಂದು ಅಪ್ಪ ನಕ್ಕರು.

ಗಿರಿಜಾ ಎದ್ದು ಅಡುಗೆಮನೆಗೆ ಹೋದಳು. ಮಧ್ಯಾಹ್ನ ಅಪ್ಪನ ಮುದ್ದೆಯ ಮೇಲೆ ಬೆಳ್ಳುಳ್ಳಿ ಒಗ್ಗರಣೆಯ ಬಿಸಿ ಸಾರು ಸುರಿದಳು.

“ಭಾರಿ ಐತಲ್ಲಬೇ! ಏನ್ ಸಾರಿದು? ಇನ್ನೊಂದು ಸೌಟು ಹಾಕು.”

“ಹುರುಳಿ ಸಾರಪ್ಪ. ಮುಂಜಾನಿ ಅಕ್ಕ ಹೇಳಿದ್ಳಲ್ಲ, ಅದೇ.”

“ಆಕಿ ಬರೇ ಹೇಳಿದ್ಳು. ನೀ ಉಣ್ಣಿಸಿದಿ!”

ಅವ್ವ ಸೊಂಟದ ಚೀಲ ಬಿಚ್ಚಿ, ದುಡ್ಡನ್ನು ಗಿರಿಜಾಳ ಕೈಗಿಟ್ಟಳು. ನನ್ನ ಯೋಜನೆಗೆ ಅವಳಿಗೆ ಬಹುಮಾನ!

ಅವಳು ನನ್ನ ಹೆಸರನ್ನು ಮುಚ್ಚಿಟ್ಟಿದ್ದರೆ ಕಳ್ಳಿಯೆಂದು ಮನಸಾರೆ ಬೈಯಬಹುದಿತ್ತು. ಎಲ್ಲರೆದುರು ನಿಜ ಹೇಳಿ ಆ ಸುಖವನ್ನೂ ಕಸಿದುಕೊಂಡಳು. ಊಟ ಬಿಟ್ಟು ಎದ್ದು ಹೋಗಬೇಕೆಂದುಕೊಂಡೆ. ಆದರೆ ತಟ್ಟೆಯಲ್ಲಿದ್ದದ್ದು ನನ್ನದೇ ಯೋಜನೆಯಲ್ಲವೇ? ಅದರ ಮೇಲಿನ ಅಭಿಮಾನದಿಂದ, ಕೇವಲ ಅಭಿಮಾನದಿಂದ, ಎರಡನೆಯ ಸಲವೂ ಹಾಕಿಸಿಕೊಂಡೆ.